ಇಂಜಿನ್ ಬಿಸಿ ಮಾಡುವುದೋ, ಕಾಯಿಸುವುದೋ, ಬಿಸಿಯಾಗಲು ಬಿಡುವುದೋ?

ಗೆಳೆಯರೇ, ಒಂದು ಕ್ರಿಯಾಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕು.

ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ) ಇರುವ ಹಳೇ ಕಾರು ಇಟ್ಟುಕೊಂಡವರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಚಳಿಗಾಲದ ಬೆಳಗ್ಗೆ ಗಾಡಿ ಹೇಗೆ ಸ್ಟಾರ್ಟ್ ಮಾಡಬೇಕು, ಹೊರಡುವ ಮುಂಚೆ ಎಷ್ಟು ಹೊತ್ತು ಬಿಡಬೇಕು ಅನ್ನೋದಷ್ಟೇ ವಿಷಯ. ಅಪ್ಪನೋ ಅಜ್ಜನೋ ಓಡಿಸುತ್ತಿದ್ದ ಮಾರುತಿ 800, ಪದ್ಮಿನಿ, ಅಂಬಾಸಿಡರ್ ಈಗ ಮಕ್ಕಳು ಮೊಮ್ಮಕ್ಕಳ ಕೈಗೆ ಬಂದಿವೆ. ಅವರು ಡ್ರೈವಿಂಗ್ ಕಲಿತದ್ದು ಫ್ಯುಯಲ್ ಇಂಜೆಕ್ಷನ್ ಕಾರಿನಲ್ಲಿ. ಕೀ ತಿರುಗಿಸಿದರೆ ಸಾಕು, ಮಿಕ್ಕಿದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೇ ಕಾರಿನಲ್ಲಿ ಹಾಗಿಲ್ಲ ಅಲ್ವಾ. ಮಡಿಕೇರಿಯಲ್ಲೋ ಮೂಡಿಗೆರೆಯಲ್ಲೋ ಬೀದರಿನಲ್ಲೋ ಜನವರಿ ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಿಕೊಂಡು ಕೂರುತ್ತಾರೆ. ಸ್ಟಾರ್ಟ್ ಆದರೆ ಇನ್ನೊಂದು ತಪ್ಪು: ಕಾಲು ಗಂಟೆ ನಿಂತಲ್ಲೇ ರೇಸ್ ಮಾಡುತ್ತಾರೆ.

ಈ ಎರಡನೆಯ ತಪ್ಪಿಗೆ ನಾವು ಬಳಸುವ ಮಾತೂ ಒಂದು ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮಲೆನಾಡಿನ ಕಡೆ ಹಿರಿಯರು ಹೇಳುವುದು ‘ಗಾಡಿ ಸ್ವಲ್ಪ ಕಾಯಿಸು’ ಅಂತ. ಪೇಟೆಯವರು ‘ಬಿಸಿ ಮಾಡು’ ಅನ್ನುತ್ತಾರೆ. ಹುಡುಗರು ‘ವಾರ್ಮಪ್’ ಅನ್ನುತ್ತಾರೆ. ‘ಹೀಟ್ ಮಾಡು’ ಅಂತ ಮಾತ್ರ ಯಾರೂ ಹೇಳಿದ್ದು ಕೇಳಿಲ್ಲ. ‘ಹೀಟ್’ ಅಂದರೆ ನಮ್ಮಲ್ಲಿ ತೊಂದರೆ ಅಂತಲೇ ಅರ್ಥ. ‘ಗಾಡಿ ಹೀಟ್ ಆಗಿದೆ’ ಅಂದರೆ ರೇಡಿಯೇಟರಿನಲ್ಲಿ ನೀರಿಲ್ಲ, ಇಲ್ಲವೇ ಫ್ಯಾನ್ ಬೆಲ್ಟ್ ಕಿತ್ತಿದೆ, ಬಾನೆಟ್ ಎತ್ತಿ ರಸ್ತೆ ಬದಿ ನಿಲ್ಲಿಸಬೇಕು. ಮೈ ವಿಚಾರದಲ್ಲೂ ಹಾಗೇ. ‘ಹೀಟ್ ಆಗಿದೆ, ಎಳನೀರು ಕುಡಿ’ ಅನ್ನುತ್ತೇವೆ. ಇಂಗ್ಲಿಷ್ ಮಾತನ್ನು ಕೆಟ್ಟ ಬಿಸಿಗೆ ಕೊಟ್ಟು, ಕನ್ನಡದ ಮಾತನ್ನು ಬೇಕಾದ ಬಿಸಿಗೆ ಉಳಿಸಿಕೊಂಡಿದ್ದೇವೆ. ಇದು ಬಹಳ ಉಪಯೋಗದ ಭೇದ. ಸೂಚನೆ ಬರೆಯುವವರು ಇದನ್ನು ಕೆಡಿಸಬಾರದು.

ಆದರೆ ಗಾಡಿ ಮಾತಿನಲ್ಲಿ ಒಂದು ಕಡೆ ‘ಹೀಟರ್’ ಒಳ್ಳೆಯ ಅರ್ಥದಲ್ಲಿದೆ. ಹಳೇ ಡೀಸೆಲ್ ಗಾಡಿಗಳಲ್ಲಿ ಸ್ಟಾರ್ಟ್ ಮಾಡುವ ಮುಂಚೆ ‘ಹೀಟರ್ ಕೊಡೋದು’ ಅಂತಿದೆ. ಸಿಲಿಂಡರಿನ ತಲೆಯಲ್ಲಿ ಕೂತಿರುವ ಸಣ್ಣ ಪ್ಲಗ್ ಕೆಂಪಗೆ ಕಾದು ಒಳಗಿನ ಗಾಳಿಯನ್ನು ಬಿಸಿ ಮಾಡುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ತಣ್ಣಗಿರುವ ಕಬ್ಬಿಣ ಆ ಬಿಸಿಯನ್ನು ಹೀರಿಬಿಡುತ್ತದೆ, ಅದಕ್ಕೆ ಈ ಪ್ಲಗ್ ಬೇಕು. ಸುರುಳಿ ಚಿತ್ರದ ದೀಪ ಆರುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು.

ಈಗ ‘ಕಾಯಿಸು’ ಪದಕ್ಕೆ ಬರೋಣ. ‘ಕಾಯು’ ಅನ್ನುವುದಕ್ಕೆ ಕನ್ನಡದಲ್ಲಿ ಬಿಸಿಯಾಗು ಅಂತಲೂ ಇದೆ, ದಾರಿ ನೋಡು ಅಂತಲೂ ಇದೆ, ಕಾವಲಿರು ಅಂತಲೂ ಇದೆ. ಹೆಂಚು ಕಾದಿದೆ, ಬಸ್ಸಿಗೆ ಕಾದೆ, ಹೊಲ ಕಾದೆ. ಬಿಸಿಯ ಕಾಯು ಬೇರೆ ಬೇರಿನದು, ಕಾವಲಿನ ಕಾಯು ಬೇರೆ ಬೇರಿನದು. ತಮಿಳಿನಲ್ಲಿ ಜ್ವರಕ್ಕೆ ‘ಕಾಯ್ಚ್ಚಲ್’, ರಕ್ಷಣೆಗೆ ‘ಕಾಪ್ಪು’ ಅಂತ ಅವು ಬೇರೆಯಾಗೇ ಉಳಿದಿವೆ. ನಮ್ಮಲ್ಲಿ ರೂಪ ಒಂದಾಗಿದೆ. ದೋಸೆ ಹುಯ್ಯುವ ‘ಕಾವಲಿ’ ಒಂದರಿಂದ ಬಂತು, ಮನೆ ಕಾಯುವ ‘ಕಾವಲು’ ಇನ್ನೊಂದರಿಂದ.

‘ಕಾಯಿಸು’ ಅಂದಾಗಲೂ ಎರಡು ಅರ್ಥ ಬರುತ್ತದೆ. ನೀರು ಕಾಯಿಸಿದೆ ಅಂದರೆ ಬಿಸಿ ಮಾಡಿದೆ. ನನ್ನನ್ನ ಅಷ್ಟು ಹೊತ್ತು ಕಾಯಿಸಿದ ಅಂದರೆ ನಿಲ್ಲಿಸಿಕೊಂಡ. ‘ಗಾಡಿ ಕಾಯಿಸು’ ಅಂದಾಗ ಈ ಎರಡೂ ಸೇರಿಬಿಡುತ್ತವೆ: ನಿಲ್ಲಿಸಿಕೊಂಡು ಬಿಸಿ ಮಾಡು. ಒಲೆ ಮೇಲಿಟ್ಟ ಹಾಲಿನ ಹಾಗೆ, ಇಟ್ಟಲ್ಲೇ ಇಟ್ಟು ಕಾಯಿಸು. ಮಾತು ಚೆನ್ನಾಗಿದೆ. ಕೆಲಸ ಮಾತ್ರ ಇಂಜಿನ್ನಿಗೆ ಒಳ್ಳೆಯದಲ್ಲ.

ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪದ ಆರಿಸುವುದಕ್ಕೆ ಅದು ಗೊತ್ತಿರಬೇಕು.

ಪೆಟ್ರೋಲ್ ಉರಿಯಬೇಕಾದರೆ ಆವಿಯಾಗಬೇಕು. ಪೂರ್ತಿ ಉರಿಯುವುದಕ್ಕೆ ಲೆಕ್ಕದ ಪ್ರಕಾರ 1 ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಒಂದಷ್ಟು ಹನಿಹನಿಯಾಗಿ ದಾರಿಯಲ್ಲೇ ಕೊಳವೆ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರ್ ತಲುಪುವ ಆವಿ ಸಾಲುವುದಿಲ್ಲ. ಅದಕ್ಕೆ ಚೋಕ್. ಕಾರ್ಬೊರೇಟರ್ ಬಾಯಿಗೆ ಒಂದು ತಗಡಿನ ಮುಚ್ಚಳ. ಗುಂಡಿ ಎಳೆದರೆ ಅದು ಮುಚ್ಚಿಕೊಂಡು ಗಾಳಿ ಕಡಿಮೆ ಮಾಡುತ್ತದೆ, ಇಂಜಿನ್ನಿನ ಎಳೆತಕ್ಕೆ ಪೆಟ್ರೋಲ್ ಜಾಸ್ತಿ ಬರುತ್ತದೆ. ಜಾಸ್ತಿ ಸುರಿದರೆ ಅದರಲ್ಲಿ ಸಾಕಷ್ಟಾದರೂ ಆವಿಯಾದೀತು ಅನ್ನೋ ಉಪಾಯ.

ಆವಿಯಾಗದೆ ಉಳಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಸಿಲಿಂಡರ್ ಗೋಡೆಯ ಮೇಲಿರುವ ತೆಳು ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ, ಇಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿಗೆ ಕರಿ ಹಿಡಿಯುತ್ತದೆ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದಲ್ಲ, ಅದು ತಣ್ಣನೆಯ ಸೈಲೆನ್ಸರಿನಲ್ಲಿ ನೀರಾಗಿ ನಿಂತು ಒಳಗಿಂದ ತುಕ್ಕು ಹಿಡಿಸುತ್ತದೆ. ಬೆಳಗ್ಗೆ ಸೈಲೆನ್ಸರ್ ತುದಿಯಲ್ಲಿ ಹನಿ ತೊಟ್ಟಿಕ್ಕುವುದು ಅದೇ. ನಿಂತಲ್ಲೇ ಓಡುವ ಇಂಜಿನ್ನಿಗೆ ಭಾರವಿಲ್ಲ, ಹಾಗಾಗಿ ಬಿಸಿಯಾಗುವುದೂ ನಿಧಾನ. ಅಂದರೆ ಈ ಎಲ್ಲ ಹಾನಿಯ ಹೊತ್ತನ್ನು ನಾವೇ ಉದ್ದ ಮಾಡಿದ ಹಾಗೆ. ನಿಧಾನವಾಗಿ ಓಡಿಸಿದರೆ ಬೇಗ ಬಿಸಿಯಾಗುತ್ತದೆ. ಗೇರ್ ಬಾಕ್ಸು, ಚಕ್ರದ ಬೇರಿಂಗು ಕೂಡ ಜೊತೆಗೇ ಬಿಸಿಯಾಗಿ ಸಲೀಸಾಗಿ ತಿರುಗುತ್ತವೆ. ನಿಲ್ಲಿಸಿಕೊಂಡು ಎಷ್ಟೇ ಕಾಯಿಸಿದರೂ ಅವು ತಣ್ಣಗೇ ಇರುತ್ತವೆ.

ಆದ್ದರಿಂದ ಸರಿಯಾದ ಕ್ರಮ ಇದು. ಚೋಕ್ ಎಳೆದು ಸ್ಟಾರ್ಟ್ ಮಾಡಿ. ಆಯಿಲ್ ಮೇಲಿನವರೆಗೆ ಏರಲು ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡಿ. ಚೋಕ್ ಅರ್ಧ ಒಳಗೆ ತಳ್ಳಿ, ಇಂಜಿನ್ ಆರದಿದ್ದರೆ ಹೊರಡಿ. ಟೆಂಪರೇಚರ್ ಮುಳ್ಳು ಮೇಲೇಳುವ ತನಕ ಗೇರ್ ಎಳೆದಾಡಬೇಡಿ, ಜೋರು ರೇಸ್ ಕೊಡಬೇಡಿ. ದಾರಿಯಲ್ಲೇ ಚೋಕ್ ಪೂರ್ತಿ ಒಳಗೆ ತಳ್ಳಿ.

ಇದನ್ನು ಕನ್ನಡದಲ್ಲಿ ಹೇಳುವಾಗ ಇಂಜಿನ್ ಕರ್ತೃ ಆಗಬೇಕು, ನಾವಲ್ಲ ಅನ್ನೋದು ನನ್ನ ವಾದ. ‘ಇಂಜಿನ್ ಬಿಸಿ ಮಾಡಿ’ ಅಂದರೆ ಓದುಗ ನಿಂತು ಏನೋ ಮಾಡಲು ಹೊರಡುತ್ತಾನೆ. ‘ಇಂಜಿನ್ ಓಡುತ್ತಾ ಬಿಸಿಯಾಗಲಿ’ ಅಂದರೆ ಕೆಲಸ ಯಾರದ್ದು, ಎಲ್ಲಿ ನಡೆಯಬೇಕು ಎರಡೂ ತಿಳಿಯುತ್ತದೆ. ಕನ್ನಡದಲ್ಲಿ ಆಗು, ಮಾಡು ಅನ್ನೋ ಜೋಡಿ ಇಷ್ಟು ಸಲೀಸಾಗಿ ಇರುವಾಗ ಬಳಸಿಕೊಳ್ಳಬೇಕು.

‘ಬೆಚ್ಚಗಾಗಲಿ’ ಅಂತ ಯಾಕೆ ಬೇಡ ಅಂತ ಒಬ್ಬರು ಕೇಳಿದರು. ಕಿವಿಗೆ ಹಿತವಾಗಿದೆ ನಿಜ. ಆದರೆ ಬೆಚ್ಚಗೆ ಅಂದರೆ ಮೈಗೆ ಹಿತವಾದ ಶಾಖ. ಕಂಬಳಿ ಬೆಚ್ಚಗಿರುತ್ತದೆ, ಸ್ನಾನದ ನೀರು ಉಗುರುಬೆಚ್ಚಗಿರುತ್ತದೆ. ಇಂಜಿನ್ ಸರಿಯಾಗಿ ಕೆಲಸ ಮಾಡುವುದು ಅದರೊಳಗೆ ಸುತ್ತುವ ನೀರು ಸುಮಾರು 80ರಿಂದ 90 ಡಿಗ್ರಿ ಇದ್ದಾಗ. ಮುಟ್ಟಿದರೆ ಸುಡುತ್ತದೆ. ಬೆಚ್ಚಗಿದೆ ಅಂದುಕೊಂಡು ಯಾರಾದರೂ ರೇಡಿಯೇಟರ್ ಮುಚ್ಚಳ ತೆಗೆದರೆ ಕಷ್ಟ. ‘ಬಿಸಿ’ಯೇ ಇರಲಿ.

‘ಚೋಕ್’ ಬಗ್ಗೆಯೂ ಒಂದು ತೊಡಕಿದೆ. ಚೋಕ್ ಎಳಿ, ಚೋಕ್ ಹಾಕು, ಚೋಕ್ ಬಿಡು ಅನ್ನೋದೆಲ್ಲ ಎಲ್ಲರಿಗೂ ಗೊತ್ತು. 2020ರಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬರುವ ತನಕ ಎಷ್ಟೋ ಬೈಕುಗಳಲ್ಲಿ ಚೋಕ್ ಇತ್ತು, ಹಾಗಾಗಿ ಹುಡುಗರಿಗೂ ಹೊಸದಲ್ಲ. ಆದರೆ ‘ಚೋಕ್ ಆಗಿದೆ’ ಅಂದರೆ ಬೇರೆಯೇ. ಸಿಂಕ್ ಪೈಪ್ ಚೋಕ್ ಆಗುತ್ತದೆ, ಏರ್ ಫಿಲ್ಟರ್ ಚೋಕ್ ಆಗುತ್ತದೆ. ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು, ಚೋಕ್ ಆಗುತ್ತದೆ. ಟ್ಯೂಬ್‌ಲೈಟಿನ ಚೋಕ್ ಇನ್ನೂ ಒಂದು. ಒಂದೇ ಕಾರ್ಬೊರೇಟರ್ ಬಗ್ಗೆ ಮಾತಾಡುವಾಗ ‘ಚೋಕ್ ಹಾಕಿದೆ’ ಮತ್ತು ‘ಚೋಕ್ ಆಗಿದೆ’ ಅಕ್ಕಪಕ್ಕ ಬರುತ್ತವೆ. ಮೊದಲನೆಯದು ನಾವು ಬೇಕಂತ ಮಾಡಿದ್ದು, ಎರಡನೆಯದು ಕಸ ಕೂತು ಆದದ್ದು. ಮೆಕ್ಯಾನಿಕ್‌ಗಳಿಗೆ ಗೊಂದಲವೇ ಆಗುವುದಿಲ್ಲ, ಕ್ರಿಯಾಪದವೇ ಅವರಿಗೆ ಸಾಕು. ಬರವಣಿಗೆಯಲ್ಲಿ ನಾನು ಜೆಟ್‌ಗೆ ‘ಕಟ್ಟಿಕೊಂಡಿದೆ’ ಅಂತ ಹಾಕಿದ್ದೇನೆ. ಮೂಗು ಕಟ್ಟುವ ಹಾಗೆ ಪೈಪೂ ಕಟ್ಟುತ್ತದೆ, ಸಹಜವಾಗಿಯೇ ಇದೆ.

‘ಕೋಲ್ಡ್ ಸ್ಟಾರ್ಟ್’ಗೆ ‘ಶೀತ ಚಾಲನೆ’ ಅಂತ ಒಬ್ಬರು ಸೂಚಿಸಿದರು. ಒಪ್ಪಲಾರೆ. ಶೀತ ಅಂದರೆ ನಮ್ಮ ಜನಕ್ಕೆ ನೆಗಡಿ. ಮೇಲಾಗಿ ಇದು ಹವಾಮಾನದ ಮಾತೇ ಅಲ್ಲ. ರಾಯಚೂರಿನ ಬೇಸಿಗೆಯಲ್ಲೂ ರಾತ್ರಿಯಿಡೀ ನಿಂತ ಇಂಜಿನ್ ತಣ್ಣಗಿರುವ ಇಂಜಿನ್ನೇ. ಚಳಿ ಅದನ್ನು ಇನ್ನಷ್ಟು ಕಷ್ಟ ಮಾಡುತ್ತದೆ ಅಷ್ಟೇ. ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಕನ್ನಡದಲ್ಲಿ ಚಳಿ ಆಗುವುದು ಜೀವ ಇರುವವರಿಗೆ, ವಸ್ತು ತಣ್ಣಗಾಗುತ್ತದೆ. ‘ಬೆಳಗಿನ ಮೊದಲ ಸ್ಟಾರ್ಟ್’ ಅಂತ ಡ್ರೈವರುಗಳು ಹೇಳುತ್ತಾರಲ್ಲ, ಅದನ್ನೇ ಇಟ್ಟುಕೊಂಡಿದ್ದೇನೆ. ಅಂದ ಹಾಗೆ ಆಯಿಲ್ ಡಬ್ಬದ ಮೇಲಿನ 20ಡಬ್ಲ್ಯು-40ರಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಡಬ್ಲ್ಯುಗಿಂತ ಮುಂಚೆ ಬರುವ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಆಯಿಲ್ ಸಲೀಸಾಗಿ ಹರಿಯುತ್ತದೆ. ಈ ವಿವರವೂ ಪುಟದಲ್ಲಿ ಬರುತ್ತದೆ.

ಈಗ ನಾನು ನಿಜವಾಗಿ ಸಿಕ್ಕಿಬಿದ್ದಿರುವ ಜಾಗ. ಚೋಕ್ ಯಾವಾಗ ಒಳಗೆ ತಳ್ಳಬೇಕು? ಕಾರಿನಲ್ಲಿ ಕೂತು ಕೇಳಿಸಿಕೊಂಡರೆ ತಿಳಿಯುತ್ತದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಮೊದಲು ಇಂಜಿನ್ ಒಂದೆರಡು ಸಲ ಮುಗ್ಗರಿಸುತ್ತದೆ, ಸ್ಟೀರಿಂಗ್ ನಡುಗುತ್ತದೆ. ಆಮೇಲೆ ಸದ್ದು ಏರುತ್ತದೆ, ಜೋರಾಗಿ ಒಂದೇ ಸಮನೆ ಕೂಗುತ್ತದೆ. ಗುಂಡಿಯನ್ನು ಒಂದು ಬೆರಳಷ್ಟು ಒಳಗೆ ಬಿಡಿ. ಕೂಗು ಇಳಿಯುತ್ತದೆ. ಇಳಿದು ಅಲ್ಲೇ ಸಮನಾದರೆ ಸರಿ. ತಡವರಿಸಿ ಆರುವ ಹಾಗಾದರೆ ಗುಂಡಿ ಮತ್ತೆ ಸ್ವಲ್ಪ ಎಳೆಯಬೇಕು.

ಆ ‘ಸಮನಾಗುವುದು’ ಏನಿದೆ, ಅದಕ್ಕೆ ಮೆಕ್ಯಾನಿಕ್‌ಗಳ ಮಾತು ‘ಐಡ್ಲಿಂಗ್ ನಿಲ್ತು’. ಐಡ್ಲಿಂಗ್, ‘ಸ್ಲೋ’ ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ನಿಧಾನಕ್ಕೆ ಓಡುತ್ತಿರುವುದು. ಸರಿಯಿಲ್ಲದಿದ್ದರೆ ‘ಸ್ಲೋ ನಿಲ್ತಿಲ್ಲ’. ಇಲ್ಲಿ ನಿಲ್ಲು ಅಂದರೆ ಸ್ಥಿರವಾಗಿ ಹಿಡಿದುಕೊಳ್ಳು. ಆದರೆ ‘ಇಂಜಿನ್ ನಿಂತಿತು’ ಅಂದರೆ ಆರಿಹೋಯಿತು! ಒಂದೇ ಕ್ರಿಯಾಪದ, ನೇರ ಉಲ್ಟಾ ಅರ್ಥ. ‘ನಿಂತ ಮೇಲೆ ಚೋಕ್ ಒಳಗೆ ತಳ್ಳಿ’ ಅಂತ ಅಚ್ಚು ಹಾಕಿದರೆ ಅರ್ಧ ಜನ ಇಂಜಿನ್ ಆರುವುದನ್ನೇ ಕಾಯುತ್ತಾರೆ. ‘ಸೆಟ್ ಆಯ್ತು’ ಅನ್ನುವವರೂ ಇದ್ದಾರೆ, ಆದರೆ ಅದು ಎಲ್ಲದಕ್ಕೂ ಹೇಳುವ ಮಾತು. ‘ಹದಕ್ಕೆ ಬಂತು’ ಅಂತ ನನಗೆ ಹೊಳೆದಿದೆ. ಪಾಕಕ್ಕೂ ಮಣ್ಣಿಗೂ ಹದ ಇರುವಾಗ ಇಂಜಿನ್ನಿಗೂ ಇರಬಹುದು. ಗ್ಯಾರೇಜಿನಲ್ಲಿ ಯಾರಾದರೂ ಹಾಗೆ ಅಂದದ್ದನ್ನು ಮಾತ್ರ ನಾನು ಕೇಳಿಲ್ಲ. ಬಳಕೆಯಲ್ಲಿಲ್ಲದ ಮಾತನ್ನು ತುರುಕಲು ಮನಸ್ಸಿಲ್ಲ.

ಪದ ಯಾವುದೇ ಆಗಲಿ, ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕುವುದು ಖಂಡಿತ: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಚೋಕ್ ಎಳೆದ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವಷ್ಟರಲ್ಲಿ ಕೈಮೀರಿರಬಹುದು. ಚಳಿ ಅಂತ ಬಾಗಿಲು ಹಾಕಿಕೊಂಡು ಗಾಡಿ ಕಾಯಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಹಾಗಾಗಿ ಕೇಳುವುದು ಎರಡು. ಮೊದಲನೆಯದು, ‘ಗಾಡಿ ಕಾಯಿಸು’ ಅನ್ನೋ ಮಾತು ಮಲೆನಾಡು ಬಿಟ್ಟು ನಿಮ್ಮ ಕಡೆ ಇದೆಯೇ? ಬೀದರ್, ಬೆಳಗಾವಿ ಕಡೆಯವರು ಏನನ್ನುತ್ತೀರಿ? ಎರಡನೆಯದು, ಇಂಜಿನ್ ಆರದೆ ಒಂದೇ ಸಮನೆ ಓಡತೊಡಗಿತು ಅನ್ನೋದಕ್ಕೆ ನಿಮ್ಮೂರಿನ ಗ್ಯಾರೇಜಿನಲ್ಲಿ ‘ನಿಲ್ತು’ ಬಿಟ್ಟು ಬೇರೆ ಮಾತಿದೆಯೇ? ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್ ಓಡಿಸುವವರನ್ನೂ ದಯವಿಟ್ಟು ಕೇಳಿ ನೋಡಿ. ಹಳೇ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆದವರ ಹತ್ತಿರ ಇದಕ್ಕೆ ಒಳ್ಳೆಯ ಮಾತು ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ. ಅವರು ಹೇಳಿದ್ದನ್ನು ತಿದ್ದದೆ, ಅವರ ಉಚ್ಚಾರಣೆಯಲ್ಲೇ ಬರೆದು ಕಳಿಸಿ.