ಪದಚರ್ಚೆ: ‘ರೇಡಿಯೋಜೀನೋಮಿಕ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಲಿವರ್ ಕ್ಯಾನ್ಸರ್ ಬಗ್ಗೆ ರೋಗಿಗಳ ಮನೆಯವರು ಓದುವಂಥ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ರೇಡಿಯೋಜೀನೋಮಿಕ್ಸ್ ಅನ್ನುವ ಪದದ ಹತ್ತಿರ ಬಂದು ಗಾಡಿ ನಿಂತಿದೆ.

ಸ್ಕ್ಯಾನಿನಲ್ಲಿ ಗೆಡ್ಡೆ ಹೇಗೆ ಕಾಣುತ್ತದೆ, ಅದರೊಳಗೆ ಜೀನುಗಳು ಏನು ಮಾಡುತ್ತಿವೆ, ಇವೆರಡನ್ನೂ ಹೊಂದಿಸಿ ನೋಡುವ ಕೆಲಸಕ್ಕೆ ಆ ಹೆಸರು. ಲಿವರ್ ವಿಷಯದಲ್ಲಿ ಇದಕ್ಕೆ ಬೆಲೆ ಜಾಸ್ತಿ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರಲ್ಲಿ ಎಷ್ಟೋ ಸಲ ಸ್ಕ್ಯಾನ್ ನೋಡಿಯೇ ಕ್ಯಾನ್ಸರ್ ಎಂದು ತೀರ್ಮಾನಿಸುತ್ತಾರೆ, ಸೂಜಿ ಹಾಕಿ ಚೂರು ತೆಗೆಯುವುದೇ ಇಲ್ಲ. ಚೂರೇ ಸಿಗದಿದ್ದರೆ ಜೀನ್ ಪರೀಕ್ಷೆ ಯಾವುದರ ಮೇಲೆ ಮಾಡುವುದು? 2007ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ಯಲ್ಲಿ ಬಂದ ಅಧ್ಯಯನವೊಂದು ಸಿಟಿ ಸ್ಕ್ಯಾನಿನ 28 ಗುರುತುಗಳನ್ನು ಜೋಡಿಸಿ, ಗೆಡ್ಡೆಯ ಜೀನ್ ಚಟುವಟಿಕೆಯ ಶೇ 78ರಷ್ಟನ್ನು ಹೇಳಬಹುದು ಎಂದು ತೋರಿಸಿತ್ತು.

ಮೊದಲ ತೊಡಕು ‘ರೇಡಿಯೋ’. ಪರಿಚಯದವರೊಬ್ಬರು ‘ವಿಕಿರಣ ತಳಿವಿಜ್ಞಾನ’ ಎಂದರು. ಒಪ್ಪಲಾಗಲಿಲ್ಲ. ಇಲ್ಲಿನ ರೇಡಿಯೋ, ಮೈಯೊಳಗಿನ ಚಿತ್ರ ತೆಗೆದು ನೋಡುವ ರೇಡಿಯಾಲಜಿಯ ತುಂಡು. ಎಂಆರ್‌ಐನಲ್ಲಂತೂ ಎಕ್ಸ್‌ರೇಯಂಥ ವಿಕಿರಣವೇ ಇಲ್ಲ. ಇನ್ನೂ ಫಜೀತಿ ಅಂದರೆ, ಇದೇ ಹೆಸರಿನ ಬೇರೆ ಶಾಖೆಯೂ ಇದೆ. ವಿಕಿರಣ ಚಿಕಿತ್ಸೆ ಒಬ್ಬೊಬ್ಬರ ಮೈಗೆ ಒಂದೊಂದು ರೀತಿ ಯಾಕೆ ಆಗುತ್ತದೆ ಎಂದು ಅದು ಜೀನುಗಳಲ್ಲಿ ಹುಡುಕುತ್ತದೆ. ‘ವಿಕಿರಣ’ ಅದಕ್ಕೇ ಇರಲಿ.

ಇನ್ನು ಸ್ಕ್ಯಾನಿನ ಈ ಗುರುತುಗಳಿಗೆ ‘ಲಕ್ಷಣ’ ಅನ್ನೋಣವೆಂದರೆ ಅದು ಆಗಲೇ ಜ್ವರ, ಕೆಮ್ಮು, ಹೊಟ್ಟೆನೋವಿನ ಪಾಲಾಗಿದೆ. ನನಗೆ ‘ಚಹರೆ’ ಹಿಡಿಸಿತು. ಕಾಣೆಯಾದವರ ಪೊಲೀಸ್ ಪ್ರಕಟಣೆ ನೋಡಿದ್ದೀರಲ್ವಾ: ದುಂಡು ಮುಖ, ಗೋಧಿ ಮೈಬಣ್ಣ. ಇದೂ ಹಾಗೇ. ಎಂಆರ್‌ಐಗೆ ಕೊಡುವ ಗ್ಯಾಡಾಕ್ಸೆಟಿಕ್ ಆಮ್ಲ ಎಂಬ ಔಷಧವನ್ನು ಲಿವರಿನ ಕೋಶಗಳು ಹೀರಿಕೊಳ್ಳುತ್ತವೆ. ಸುಮಾರು 20 ನಿಮಿಷದ ಮೇಲೆ ಲಿವರ್ ಬೆಳ್ಳಗೆ, ಹೆಚ್ಚಿನ ಕ್ಯಾನ್ಸರ್ ಗೆಡ್ಡೆಗಳು ಕಪ್ಪಗೆ ಕಾಣುತ್ತವೆ. ಬೀಟಾ ಕೆಟೆನಿನ್ ಜೀನ್ ಕೆಟ್ಟಿರುವ ಕೆಲವು ಗೆಡ್ಡೆಗಳು ಮಾತ್ರ ತಾವೂ ಔಷಧ ಹೀರಿ ಬೆಳ್ಳಗೇ ಉಳಿಯುತ್ತವೆ. ಬಣ್ಣ ನೋಡಿ ಒಳಗಿನ ಸುದ್ದಿ ಊಹಿಸುವುದು ಅಂದರೆ ಇದೇ.

ನನ್ನ ದೊಡ್ಡ ತಕರಾರು ‘ವಂಶವಾಹಿ’ಯ ಮೇಲೆ. ಜೀನ್‌ಗೆ ಪಠ್ಯಪುಸ್ತಕದಲ್ಲಿ ನಾವು ಕಲಿತ ಪದ, ಕೇಳಲೂ ಚೆನ್ನಾಗಿದೆ. ಆದರೆ ‘ಗೆಡ್ಡೆಯ ವಂಶವಾಹಿ ದೋಷ’ ಎಂದು ಬರೆದ ಕರಡನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. “ವಂಶದಲ್ಲಿ ಬಂದಿದ್ದಾ? ಹಾಗಾದ್ರೆ ಮಕ್ಕಳಿಗೂ ಬರುತ್ತಾ?” ಎಂದರು. ತಪ್ಪು ಅವರದಲ್ಲ, ಪದದ ಮೊದಲರ್ಧವೇ ಹಾಗೆ ಹೇಳುತ್ತಿದೆ. ಗೆಡ್ಡೆಯಲ್ಲಿ ಕಾಣುವ ಇಂಥ ಬದಲಾವಣೆಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ, ಆ ಅಂಗದ ಕೋಶಗಳಲ್ಲೇ ಆದವು. ಅಪ್ಪ ಅಮ್ಮನಿಂದ ಬಂದವಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. (ತಾಯಿಯಿಂದ ಮಗುವಿಗೆ ದಾಟಬಲ್ಲದ್ದು ಲಿವರ್ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಹೆಪಟೈಟಿಸ್ ಬಿ ವೈರಸ್. ಅದು ಬೇರೆ ಮಾತು, ಅದಕ್ಕೆ ಲಸಿಕೆ ಇದೆ.) ಹಾಗಾಗಿ ಈ ಕೈಪಿಡಿಯಲ್ಲಿ ‘ಜೀನ್’ ಎಂದೇ ಬಿಡುತ್ತೇನೆ. ಅಚ್ಚಗನ್ನಡದವರು ಬೈಯಬಹುದು, ಬೈಯಲಿ.

ಸದ್ಯಕ್ಕೆ ‘ಸ್ಕ್ಯಾನ್-ಜೀನ್ ತಾಳೆ’ ಎಂದು ಬರೆದಿಟ್ಟಿದ್ದೇನೆ. ಲೆಕ್ಕ ತಾಳೆ ನೋಡುವವರ ಮಾತು, ಎಲ್ಲರಿಗೂ ಗೊತ್ತು. ಶಾಸ್ತ್ರದ ಹೆಸರಿನ ಗತ್ತು ಇದಕ್ಕಿಲ್ಲ ಅನ್ನುವುದು ನಿಜ. ನಿಮಗೇನನ್ನಿಸುತ್ತದೆ?

ಜೊತೆಗೆ ಇನ್ನೊಂದು. ಸ್ಕ್ಯಾನಿಗೆಂದು ಕೊಟ್ಟ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಿಸುವ ಔಷಧ) ಗೆಡ್ಡೆಯಲ್ಲಿ ಮೊದಲು ಹೊಳೆದು, ಆಮೇಲೆ ಸುತ್ತಲಿನ ಲಿವರಿಗಿಂತ ಬೇಗ ಮಂಕಾಗುವುದಕ್ಕೆ ವೈದ್ಯರು ‘ವಾಷ್‌ಔಟ್’ ಎನ್ನುತ್ತಾರೆ. ಅದು ಕ್ಯಾನ್ಸರಿನ ಮುಖ್ಯ ಗುರುತು. ‘ತೊಳೆದುಹೋಗಿದೆ’ ಎಂದು ಬರೆದರೆ ಓದಿದವರು ಕಾಯಿಲೆಯೇ ತೊಳೆದುಹೋಯಿತೆಂದು ದೇವರಿಗೆ ಕಾಯಿ ಒಡೆಸಿಯಾರು! ‘ಬೇಗ ಮಾಸುವುದು’ ಎಂದು ಹಾಕಿದ್ದೇನೆ. ಬಟ್ಟೆಗೆ ಹೇಳುವ ‘ಮಾಸು’ ಇಲ್ಲಿ ಹೊಂದುತ್ತಾ, ಅಥವಾ ನಿಮ್ಮ ಕಡೆ ಇನ್ನೂ ಒಳ್ಳೆಯ ಮಾತಿದೆಯಾ?