ಸಹಾಯ ಬೇಕು: ಗರ್ಭಿಣಿಯಾಗಿದ್ದಾಗಲೇ ಎಂ.ಎಸ್ಸಿ. ಮುಗಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಕೊನೆಯ ವರ್ಷ. ಈಗ ನನಗೆ ನಾಲ್ಕು ತಿಂಗಳು. ಓದು ಬಿಡುವ ಯೋಚನೆ ಇಲ್ಲವೇ ಇಲ್ಲ.

ಜಾಸ್ತಿ ಚಿಂತೆ ಇರುವುದು ಲ್ಯಾಬ್ ಬಗ್ಗೆ. ಬೆಂಜೀನ್, ಟಾಲ್ವೀನ್, ಫಾರ್ಮಾಲ್ಡಿಹೈಡ್ ಇವುಗಳಿಂದ ದೂರ ಇರಿ ಅಂತ ಡಾಕ್ಟರ್ ಹೇಳಿದ್ದಾರೆ. ಆವಿಯನ್ನು ಹೊರಗೆ ಎಳೆದುಹಾಕುವ ಫ್ಯೂಮ್ ಹುಡ್ ಇದೆ, ನಿಜ. ಆದರೆ ಪಕ್ಕದ ಮೇಜಿನಲ್ಲಿ ಬೇರೆಯವರು ಬಾಟಲಿ ತೆರೆದಿಟ್ಟರೆ ಆವಿ ನನಗೂ ಬರುತ್ತದಲ್ಲ? ಪ್ರಾಜೆಕ್ಟ್ ಗೈಡ್‌ಗೆ ಹೇಳಿದರೆ "ಒಂದು ವರ್ಷ ಬಿಟ್ಟು ಬಾಮ್ಮ, ಅವಸರ ಏನಿದೆ" ಅಂದರು. ಕಾಳಜಿಯಿಂದಲೇ ಅಂದಿದ್ದು. ಆದರೂ ತುಂಬಾ ನೋವಾಯಿತು. ನನಗೇನು ಬೇಕು ಅಂತ ಮೊದಲು ಕೇಳಬಹುದಿತ್ತು ಅಲ್ವಾ? ಪ್ರಯೋಗದ ಬದಲು ಕಂಪ್ಯೂಟರ್‌ನಲ್ಲೇ ಮಾಡುವ ಪ್ರಾಜೆಕ್ಟ್‌ಗೆ ಬದಲಾಯಿಸಿಕೊಂಡವರು ಯಾರಾದರೂ ಇದ್ದೀರಾ? ಅರ್ಜಿ ಯಾರಿಗೆ ಕೊಟ್ಟಿರಿ, ಡಾಕ್ಟರ್ ಪತ್ರದಲ್ಲಿ ಏನು ಬರೆಸಿದಿರಿ, ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ ಪರೀಕ್ಷೆ. ಹೆರಿಗೆಗೆ ಕೊಟ್ಟಿರುವ ದಿನ ಸರಿಯಾಗಿ ಪರೀಕ್ಷೆಯ ವಾರದಲ್ಲೇ ಬರುತ್ತದೆ. ಆ ದಿನಕ್ಕೇ ಹೆರಿಗೆ ಆಗುವುದು ಅಪರೂಪ, ಎರಡು ಮೂರು ವಾರ ಮೊದಲೇ ಆದರೂ ಆಶ್ಚರ್ಯವಿಲ್ಲ. ಹಾಗಾಗಿ ಬರೆಯಲು ಆಗದಿದ್ದರೆ ಅದು 'ಗೈರುಹಾಜರಿ' ಆಗದಂತೆ ಈಗಲೇ ಏನು ಮಾಡಿಡಬೇಕು? ಬರೆಯಲು ಆದರೂ ಮೂರು ಗಂಟೆ ಒಂದೇ ಕಡೆ ಕೂತರೆ ಕಾಲು ಊದುತ್ತದೆ. ಮಧ್ಯೆ ಎದ್ದು ಓಡಾಡಲು, ಶೌಚಾಲಯಕ್ಕೆ ಹೋಗಲು ಹೆಚ್ಚುವರಿ ಸಮಯ ಕೇಳಿದರೆ ಕೊಡುತ್ತಾರಾ?

ವಾಕರಿಕೆಯಿಂದ ಮೊದಲ ಮೂರು ತಿಂಗಳಲ್ಲಿ ಹಾಜರಾತಿಯೂ ಕಡಿಮೆಯಾಗಿದೆ. ಅದನ್ನು ಸರಿಮಾಡಿಕೊಂಡವರೂ ಹೇಳಿ.

ಓದು ಬಿಡು ಅನ್ನುವ ಸಲಹೆ ಮಾತ್ರ ಬೇಡ. ಇಲ್ಲಿ ಬರೆಯಲು ಮುಜುಗರ ಆದರೆ ನನಗೆ ನೇರವಾಗಿ ಮೆಸೇಜ್ ಮಾಡಿ.