ಮನೆಯ ಮರಗೆಲಸದ ಶೆಡ್‌ಗೆ ಧೂಳು ಎಳೆಯುವ ಮಷಿನ್ ಯಾವುದು? ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು
ಮನೆ ಹಿಂದೆ 10 ಅಡಿಗೆ 14 ಅಡಿ ಶೀಟ್ ಶೆಡ್ ಇದೆ. ಕೊಯ್ಯಲು 10 ಇಂಚಿನ ಟೇಬಲ್ ಸಾ, ಹೆರೆಯಲು 12 ಇಂಚಿನ ಪ್ಲೇನರ್, ಉಜ್ಜಲು ಒಂದು ಆರ್ಬಿಟಲ್ ಸ್ಯಾಂಡರ್ ಇಟ್ಟುಕೊಂಡಿದ್ದೇನೆ. ಶನಿವಾರ, ಭಾನುವಾರ ಮಾತ್ರ ಕೆಲಸ. ಮೂರು ವರ್ಷ ಪೊರಕೆಯಲ್ಲೇ ಕಳೆದೆ. ಈಗ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆ) ಕೆಲಸ ಜಾಸ್ತಿಯಾಗಿದೆ. ಒಣಹಾಕಿದ ಬಟ್ಟೆ ಮೇಲೆಲ್ಲ ಪುಡಿ ಕೂರುತ್ತದೆ. ನಾಲ್ಕು ವರ್ಷದ ಮಗಳಿಗೆ ರಾತ್ರಿ ಕೆಮ್ಮು. ಸಿಂಗಲ್ ಫೇಸ್ ಕರೆಂಟು, 30 ಸಾವಿರದ ಒಳಗೆ ಆಗಬೇಕು. ವ್ಯಾಕ್ಯೂಮ್ ಜೊತೆ ಸೈಕ್ಲೋನ್ ಬಕೆಟ್ (ಗಾಳಿ ಸುತ್ತಿಸಿ ಪುಡಿಯನ್ನು ಕೆಳಗೆ ಬೀಳಿಸುವುದು) ತಗೊಳ್ಳಲಾ, ಪುಡಿ ಚೀಲಕ್ಕೆ ತುಂಬುವ 2 ಎಚ್‌ಪಿ ಮಷಿನ್ ತಗೊಳ್ಳಲಾ?

ಕೀಸುಳಿ, ಮೈಸೂರು
ವ್ಯಾಕ್ಯೂಮ್ ತಗೊಳ್ಳಿ, ಸೈಕ್ಲೋನ್ ಹಾಕಿ, ಮುಗೀತು. ನಾನು ಮೊದಲು ಸೈಕ್ಲೋನ್ ಇಲ್ಲದೆ 8,200ಕ್ಕೆ 30 ಲೀಟರಿನದು ತಂದೆ. ಎಂಡಿಎಫ್ ಕೊಯ್ದ ಮೊದಲ ದಿನವೇ ಇಪ್ಪತ್ತು ನಿಮಿಷಕ್ಕೆ ಫಿಲ್ಟರ್ ಕಟ್ಟಿಕೊಂಡಿತು. ತಟ್ಟಿದೆ, ಬ್ರಷ್ ಹಾಕಿದೆ, ಕೊನೆಗೆ ತೊಳೆದೆ. ತೊಳೆದಿದ್ದೇ ತಪ್ಪು, ಕಾಗದ ಹರಿಯಿತು. ಒಂದೊಂದು ಫಿಲ್ಟರ್ 1,450. ಹೀಗೆ ಮೂರು ಹೋದವು. ಆಮೇಲೆ 2,600ಕ್ಕೆ ಸೈಕ್ಲೋನ್ ತಂದು 20 ಲೀಟರಿನ ಪೇಂಟ್ ಬಕೆಟ್ ಮೇಲೆ ಕೂರಿಸಿದೆ. ಒಂದು ದಿನ ಹೋಸ್ ಬಾಯಿಗೆ ಮರದ ಚೂರು ಸಿಕ್ಕಿಕೊಂಡಿತು. ಬಕೆಟ್ ಕಣ್ಣೆದುರೇ ಒಳಕ್ಕೆ ಕುಗ್ಗಿ ಒಡೆಯಿತು. 300 ರೂಪಾಯಿಯ ಎರಡು ಬಕೆಟ್ ಹೀಗೆ ಹೋದ ಮೇಲೆ 900 ಕೊಟ್ಟು ತಗಡಿನ ಡ್ರಮ್ ತಂದೆ. ಹೋಸ್ 1,800. ಎಲ್ಲ ಸೇರಿ 18,450. ಡ್ರಮ್ ಬಂದು ಎರಡು ವರ್ಷ, ಫಿಲ್ಟರ್ ಬದಲಾಯಿಸಿಲ್ಲ. ಇಂದಿಗೂ ಆ ಡ್ರಮ್ ತೆರೆದು ನೋಡಿದರೆ ಖುಷಿಯಾಗುತ್ತದೆ. ಮನೆ ಕೆಲಸಕ್ಕೆ 2 ಎಚ್‌ಪಿ ಸುಮ್ನೆ ದುಡ್ಡು ದಂಡ.

ಮೋಟರ್‌ಪ್ರಿಯ, ಹುಬ್ಬಳ್ಳಿ
ಮೈಸೂರಿನವರೇ, ನಿಮ್ಮ ವ್ಯಾಕ್ಯೂಮಿಗೆ ಪ್ಲೇನರ್ ಜೋಡಿಸಿ ನೋಡಿದ್ದೀರಾ? ಸಣ್ಣ ಪೈಪಿನಲ್ಲಿ ಜೋರಾಗಿ ಎಳೆಯುವುದೇ ಬೇರೆ, ರಾಶಿ ಗಾಳಿ ಸಾಗಿಸುವುದೇ ಬೇರೆ. ಟೇಬಲ್ ಸಾಗೆ ನಿಮಿಷಕ್ಕೆ 350 ಘನ ಅಡಿ ಗಾಳಿಯಾದರೂ ಬೇಕು. ವ್ಯಾಕ್ಯೂಮ್ ನೂರು ದಾಟಿದರೆ ದೊಡ್ಡದು.

ನಾನು 2 ಎಚ್‌ಪಿ ತಂದೆ. 27,500 ಅಂದರು, 18% ಜಿಎಸ್‌ಟಿ ಸೇರಿ 32,450. ಲಾರಿ ಬಾಡಿಗೆ, ಹಮಾಲಿ 2,800. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಓಡುವಾಗ 10 ಆಂಪಿಯರ್ ಒಳಗೇ ಇರುವ ಮೋಟರ್ ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ. ನಮ್ಮಲ್ಲಿ ಇದ್ದದ್ದು ಬಿ ಕರ್ವ್, ಅಂಥ ಎಳೆತಕ್ಕೆ ಬೇಗ ಬೀಳುವ ಎಂಸಿಬಿ. ತಡೆದುಕೊಳ್ಳುವ ಸಿ ಕರ್ವ್ ಹಾಕಿಸಿ, ಬೋರ್ಡಿನಿಂದ ಬೇರೆ ವೈರ್ ಎಳೆಸಿ 3,900 ಆಯಿತು. ಜೊತೆಗೆ ಬಂದದ್ದು 30 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಬಟ್ಟೆ ಚೀಲ. ದಪ್ಪ ಹೊಟ್ಟು ಎಲ್ಲ ಕೆಳಗೆ, ಸಣ್ಣ ಪುಡಿಯೆಲ್ಲ ಬಟ್ಟೆ ದಾಟಿ ರೂಮಿಗೆ. ಬೆಳಿಗ್ಗೆ ಕಿಟಕಿ ಬಿಸಿಲಿನಲ್ಲಿ ಕಂಡಾಗ ಕೈಕಾಲು ತಣ್ಣಗಾಯಿತು. ಆರು ತಿಂಗಳು ಅದನ್ನೇ ಉಸಿರಾಡಿದ್ದೆ. ಸಣ್ಣ ಪುಡಿ ತಡೆಯುವ ಕ್ಯಾನಿಸ್ಟರ್ ಫಿಲ್ಟರ್ ತರಿಸಿದೆ, 11,000. ಒಟ್ಟು 50,150. ಆದರೂ ಹೇಳುತ್ತೇನೆ, ಇದನ್ನೇ ತಗೊಳ್ಳಿ.

ಬೀಟೆಮರ, ಸಾಗರ
ನಾನು 34 ವರ್ಷದಿಂದ ಕೆತ್ತನೆ, ಪೀಠೋಪಕರಣ ಎರಡೂ ಮಾಡಿದವನು. ಬೀಟೆ ಪುಡಿ ನನಗೆ ಆಗುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಮೊಣಕೈ, ಕತ್ತು ಎಲ್ಲ ದದ್ದು. ಸಾಗುವಾನಿಗೂ ತುರಿಕೆ. ಮುಲಾಮು ಹಚ್ಚಿ ಹಚ್ಚಿ ಎರಡು ವರ್ಷ ಕಳೆದೆ. ಕೊನೆಗೆ ವಾಸನೆ ಹಿಡಿಯುವ ಶಕ್ತಿ ಅರ್ಧ ಹೋಯಿತು. ಹಲಸು ಹಣ್ಣಾದರೆ ಮನೆಯವರು ಹೇಳಬೇಕು. ಮರದ ಪುಡಿಯಿಂದ ಮೂಗಿನ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ನಮಗೆ ಯಾರೂ ಹೇಳಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ.

ಈಗ ಮೂಗು, ಬಾಯಿ ಮುಚ್ಚುವ ಅರ್ಧ ಮುಖದ ರೆಸ್ಪಿರೇಟರ್ ಮಾಸ್ಕ್, ಅದಕ್ಕೆ ಅತಿ ಸಣ್ಣ ಪುಡಿಯನ್ನೂ ತಡೆಯುವ ಪಿ100 ಫಿಲ್ಟರ್. ಕೊಯ್ಯುವುದು ಅಂಗಳದಲ್ಲಿ. ಮಷಿನ್ ಇಲ್ಲ. ಮಾಸ್ಕ್ ಇಲ್ಲದೆ 50 ಸಾವಿರದ ಮಷಿನ್ ಇಟ್ಟರೂ ಪ್ರಯೋಜನ ಇಲ್ಲ.

ಕೀಸುಳಿ, ಮೈಸೂರು
ಹಿರಿಯರೇ, ನಿಮ್ಮ ಕಷ್ಟ ಓದಿ ಬೇಜಾರಾಯಿತು. ಆದರೆ ಸಾಗರದ ಮಳೆಯಲ್ಲಿ ನಾಲ್ಕು ತಿಂಗಳು ಅಂಗಳದಲ್ಲಿ ಹೇಗೆ ಕೊಯ್ಯುತ್ತೀರಿ?

ಹುಬ್ಬಳ್ಳಿಯವರೇ, ಪ್ಲೇನರ್ ಜೋಡಿಸಿದ್ದೇನೆ. ಎರಡೂವರೆ ಇಂಚಿನ ಹೋಸ್ ಕಟ್ಟಿಕೊಂಡಿತು, ಅದನ್ನು ಒಪ್ಪುತ್ತೇನೆ. ಅದಕ್ಕೇ ಪ್ಲೇನರ್ ಹೊರಗೆ ಇಟ್ಟುಕೊಂಡು ಓಡಿಸುತ್ತೇನೆ. ನಿಮ್ಮ ಲೆಕ್ಕವೂ ಸರಿಯಿಲ್ಲ. ಕಂಪನಿಯವರು ಬರೆಯುವ ಗಾಳಿಯ ಅಂಕಿ ಪೈಪ್ ಇಲ್ಲದೆ, ಚೀಲ ಇಲ್ಲದೆ ಅಳೆದದ್ದು. ಜೋಡಿಸಿದ ಮೇಲೆ ಎಷ್ಟು ಉಳಿಯಿತು, ಅಳೆದಿದ್ದೀರಾ?

ಮೋಟರ್‌ಪ್ರಿಯ, ಹುಬ್ಬಳ್ಳಿ
ಅಳೆದಿಲ್ಲ. ಸಾ ಕೆಳಗೆ ಕೈಯಿಟ್ಟರೆ ಹೊಟ್ಟು ಇಲ್ಲ, ಅಷ್ಟು ಸಾಕು. ನೀವು ಪ್ಲೇನರ್ ಹೊರಗೆ ಇಟ್ಟು "ಮುಗೀತು" ಅಂತೀರಲ್ಲ, ಕೇಳಿದವರ ಹತ್ತಿರ ಪ್ಲೇನರ್ ಇದೆ.

ತಗಡು ಸೈಕ್ಲೋನ್, ಬೆಂಗಳೂರು
ಪೈಪ್ ಹೇಗೆ ಹಾಕಬೇಕು ಅನ್ನುವ ಮಾತನ್ನು ಇಬ್ಬರೂ ಎತ್ತಿಲ್ಲ. ನನ್ನದು 3 ಎಚ್‌ಪಿ, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ ಸೈಕ್ಲೋನ್. ಮೋಟರ್, ಇಂಪೆಲ್ಲರ್ (ಗಾಳಿ ಎಳೆಯುವ ಫ್ಯಾನ್) 31,000, ತಗಡಿನ ಕೆಲಸ 24,000, ಫಿಲ್ಟರ್ 13,500, ಡ್ರಮ್ 1,200. ಹದಿನೈದು ದಿನ ಅಂದವರು ಎರಡೂವರೆ ತಿಂಗಳು ಓಡಾಡಿಸಿದರು. ತಂದು ಓಡಿಸಿದರೆ ಡ್ರಮ್ ಖಾಲಿ, ಫಿಲ್ಟರ್ ತುಂಬ ಪುಡಿ. ನಾಲ್ಕು ಭಾನುವಾರ ತಲೆ ಕೆಡಿಸಿಕೊಂಡೆ. ಡ್ರಮ್ಮಿನ ಮುಚ್ಚಳದಲ್ಲಿ ಬೆರಳಗಲದ ಸಂದು ಇತ್ತು. ಕೆಳಗಿನಿಂದ ಗಾಳಿ ನುಗ್ಗಿದರೆ ಬಿದ್ದ ಪುಡಿಯೆಲ್ಲ ಮತ್ತೆ ಮೇಲಕ್ಕೆ ಏರುತ್ತದೆ. 60 ರೂಪಾಯಿಯ ಫೋಮ್ ಪಟ್ಟಿ ಅಂಟಿಸಿದೆ, ಸರಿಹೋಯಿತು. ಆಮೇಲೆ 18 ಅಡಿ ಸುಕ್ಕು ಹೋಸ್ ಕಿತ್ತು 4 ಇಂಚಿನ ಪಿವಿಸಿ ಹಾಕಿದೆ, ತಿರುವಿನಲ್ಲಿ 90 ಡಿಗ್ರಿಯದರ ಬದಲು ಎರಡು 45 ಡಿಗ್ರಿಯ ಬೆಂಡ್. ಮೋಟರ್ ಬದಲಾಯಿಸಿದಷ್ಟು ವ್ಯತ್ಯಾಸ.

ಮೋಟರ್‌ಪ್ರಿಯ, ಹುಬ್ಬಳ್ಳಿ
ಪುಡಿ ಉಜ್ಜಿ ಉಜ್ಜಿ ಪಿವಿಸಿಯಲ್ಲಿ ಕರೆಂಟ್ ಹೊಡೆಯುವುದಿಲ್ಲವಾ? ನಮ್ಮ ಕಡೆ ಜನವರಿಯ ಒಣ ಗಾಳಿಯಲ್ಲಿ ಪೈಪ್ ಮುಟ್ಟಿದರೆ ಚುರುಕ್ ಅನ್ನುತ್ತದೆ. ನಾನು ತಾಮ್ರದ ತಂತಿ ಸುತ್ತಿ ಅರ್ಥ್ ಕೊಟ್ಟಿದ್ದೇನೆ.

ತಗಡು ಸೈಕ್ಲೋನ್, ಬೆಂಗಳೂರು
ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ತಂತಿ ಮುಟ್ಟಿದ ಜಾಗ ಬಿಟ್ಟರೆ ಉಳಿದದ್ದಕ್ಕೆ ಅರ್ಥ್ ಆಗುವುದಿಲ್ಲ. ಸುಮ್ನೆ ತಂತಿ ದಂಡ.

ಮೋಟರ್‌ಪ್ರಿಯ, ಹುಬ್ಬಳ್ಳಿ
ತಂತಿ ಸುತ್ತಿದ ಮೇಲೆ ಒಮ್ಮೆಯೂ ಹೊಡೆದಿಲ್ಲ. ಪುಸ್ತಕದ ಮಾತು ನಿಮ್ಮಲ್ಲೇ ಇರಲಿ.

ಬೀಟೆಮರ, ಸಾಗರ
ತಂತಿಗಿಂತ ಮೊಳೆಗೆ ಹೆದರಿ. ನಮ್ಮ ಹುಡುಗನೊಬ್ಬ ಹಳೇ ಬಾಗಿಲಿನ ಮರ ಕೊಯ್ದು, ನೆಲ ಗುಡಿಸಿದ್ದನ್ನೆಲ್ಲ ಮಷಿನ್ ಬಾಯಿಗೆ ಕೊಟ್ಟ. ಮೊಳೆ ಹೋಗಿ ಕಬ್ಬಿಣದ ಫ್ಯಾನಿಗೆ ಬಡಿದು ಕಿಡಿ. ಚೀಲದೊಳಗೆ ಹೊಗೆಯಾಡುತ್ತಿದ್ದುದು ಸಂಜೆ ಗೊತ್ತಾಯಿತು. ಆವತ್ತೇ ಮಷಿನ್ ಮಾರಿಸಿದೆ. ಮಳೆಗಾಲಕ್ಕೆ ಚಪ್ಪರ ಇದೆ, ಮೈಸೂರಿನವರು ಕೇಳಿದ್ದಕ್ಕೆ ಹೇಳಿದೆ.

ಕೇಳಿದವರು, ತುಮಕೂರು
ಎಲ್ಲರಿಗೂ ಧನ್ಯವಾದ. ಮಾಸ್ಕ್ ನಾನು ಹಾಕಬಹುದು, ಮಗಳಿಗೆ ಹೇಗೆ ಹಾಕಲಿ? ಕೆಲಸ ನಿಲ್ಲಿಸಿದ ಮೇಲೂ ಅವಳು ಶೆಡ್ಡಿಗೆ ಓಡಿ ಬರುತ್ತಾಳೆ.

ಬೀಟೆಮರ, ಸಾಗರ
ಸಣ್ಣ ಪುಡಿ ಕೆಲಸ ಮುಗಿದ ಮೇಲೂ ಗಂಟೆಗಟ್ಟಲೆ ತೇಲುತ್ತದೆ ಕಣಪ್ಪ. ಆವತ್ತು ಮಗುವನ್ನು ಒಳಗೆ ಬಿಡಬೇಡ. ಶೆಡ್ಡಿಗೊಂದು ಅಗಳಿ ಹಾಕು. ಕೆಲಸದ ಅಂಗಿ ಹೊರಗೇ ಬಿಚ್ಚಿಟ್ಟು, ಮುಖ ತೊಳೆದು ಆಮೇಲೆ ಎತ್ತಿಕೋ. ಪೊರಕೆ ಹಿಡಿಯಲೇಬೇಡ, ಕೂತ ಪುಡಿ ಮತ್ತೆ ಏಳುತ್ತದೆ.

ಕೀಸುಳಿ, ಮೈಸೂರು
ಇದನ್ನು ಒಪ್ಪುತ್ತೇನೆ. ಮೊದಲು ಸ್ಯಾಂಡರ್‌ಗೆ ವ್ಯಾಕ್ಯೂಮ್ ಜೋಡಿಸಿ, ತೀರಾ ಸಣ್ಣ ಪುಡಿ ಹಿಡಿಯುವ ಹೆಪಾ ಫಿಲ್ಟರ್ ಇರುವುದು. ಅತಿ ಸಣ್ಣ ಪುಡಿ ಬರುವುದು ಅಲ್ಲಿಂದಲೇ.

ಮೋಟರ್‌ಪ್ರಿಯ, ಹುಬ್ಬಳ್ಳಿ
ತುಮಕೂರಿನವರೇ, 2 ಎಚ್‌ಪಿ ತಗೊಂಡರೆ ಮಷಿನ್ ಶೆಡ್ಡಿನ ಹೊರಗೆ ಇಡಿ, ಗಾಳಿ ಹಿತ್ತಲಿಗೆ ಹೋಗಲಿ. ನನ್ನ ಹಳೇ ಬಟ್ಟೆ ಚೀಲ ಇದೆ, ಬೇಕಾದರೆ ಕಳಿಸುತ್ತೇನೆ, ದುಡ್ಡು ಬೇಡ.

ಕೀಸುಳಿ, ಮೈಸೂರು
30 ಮೈಕ್ರಾನ್ ಚೀಲವನ್ನು ಮಗು ಇರುವ ಮನೆಗೆ ಕಳಿಸುತ್ತೀರಾ? ಅಲ್ಲೇ ಬಟ್ಟೆ ಒಣಹಾಕುತ್ತಾರೆ, ಅವರೇ ಬರೆದಿದ್ದಾರೆ.

ಮೋಟರ್‌ಪ್ರಿಯ, ಹುಬ್ಬಳ್ಳಿ
ಹಿತ್ತಲು ಅಂದೆ, ಬಟ್ಟೆ ತಂತಿ ಕೆಳಗೆ ಅನ್ನಲಿಲ್ಲ. ಆರು ತಿಂಗಳು ಆ ಪುಡಿ ಕುಡಿದವನು ನಾನು. ನನಗೆ ಗೊತ್ತಿಲ್ಲವಾ?